ಮಗಳ ಹಾಲಿಗೆ ನೀರು ಬೆರೆಸಿದ್ದು

ಹಾಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ನಾನು ನಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿ. ಪಾಂಡವಪುರದಿಂದ ಬಸ್ಸು ಹತ್ತಿ ಬಂದು ನಾಲೆಯ ಸೇತುವೆ ಹತ್ತಿರ ಇಳಿದರೆ ಎದುರಿಗೇ ಕಾಣುವ ಹಸಿರು ಶಟರು ನನ್ನದು, ಅಂದರೆ ಸಂಘದ್ದು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಊರಿನ ಹಾಲೆಲ್ಲ ನನ್ನ ಕಣ್ಣೆದುರೇ ಕ್ಯಾನಿಗೆ ಬೀಳಬೇಕು. ಯಾರ ಮನೆಯ ಹಸು ಸರಿಯಾಗಿ ಮೇವು ತಿಂದಿಲ್ಲ, ಯಾರ ಮನೆಯ ಎಮ್ಮೆ ಬತ್ತುತ್ತಾ ಬಂದಿದೆ, ಯಾರು ಹಸುವಿನ ಜೊತೆಗೆ ಬೋರ್‌ವೆಲ್ಲನ್ನೂ ಕರೆದು ತಂದಿದ್ದಾರೆ, ಎಲ್ಲವೂ ನನಗೆ ಗೊತ್ತು.

ನೀರು ಹಾಕಿದ ಹಾಲು ಕಂಡರೆ ನನಗಾಗದು. ಯಂತ್ರ ಅಂಕಿ ತೋರಿಸುವ ಮೊದಲೇ ಬಿಳುಪು ನೋಡಿ ಹೇಳಿಬಿಡುತ್ತೇನೆ. "ಅಣ್ಣ, ಇದನ್ನ ಇಲ್ಲಿಗ್ಯಾಕೆ ತಂದೆ? ಕಬ್ಬಿನ ಗದ್ದೆಗೆ ಹಾಯಿಸು" ಎಂದು ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇನೆ. ಆದ್ದರಿಂದ ಊರಿನಲ್ಲಿ ನನಗೆ ಎದುರಿಗೆ ಮರ್ಯಾದೆಯೂ ಬೆನ್ನ ಹಿಂದೆ ಬೈಗುಳವೂ ಧಾರಾಳವಾಗಿ ಸಿಗುತ್ತಿದ್ದವು. ಎರಡನ್ನೂ ನಾನು ಸಂಬಳದ ಜೊತೆ ಸೇರಿ ಬಂದದ್ದು ಎಂದು ತಿಳಿದುಕೊಂಡಿದ್ದೆ.

ಇಂಥವನ ಮನೆಯಲ್ಲೇ ಹಾಲಿನ ಸಮಸ್ಯೆ ಹುಟ್ಟಿತು. ಸಮಸ್ಯೆಯ ಹೆಸರು ಚಿನ್ನಿ. ನನ್ನ ಮಗಳು, ಎರಡೂವರೆ ವರ್ಷ. ಹಗಲಲ್ಲಿ ಅವಳಷ್ಟು ಒಳ್ಳೆಯ ಮಗು ತಾಲ್ಲೂಕಿನಲ್ಲೇ ಇಲ್ಲ. ಮುದ್ದೆ ನುಂಗುತ್ತಾಳೆ, ಸೊಪ್ಪಿನ ಸಾರು ಕುಡಿಯುತ್ತಾಳೆ, ಯಾರು ಕರೆದರೂ ಹೋಗುತ್ತಾಳೆ. ರಾತ್ರಿ ಮಾತ್ರ ಬೇರೆಯೇ ಅವತಾರ. ಕಣ್ಣು ಮುಚ್ಚಿಕೊಂಡೇ ಎದ್ದು ಕೂತು "ಆಲ್ ಬಾಟ್ಲಿ!" ಎಂದು ಕೂಗುತ್ತಾಳೆ. ಬಾಟ್ಲಿ ಬಾಯಿಗೆ ಬರುವವರೆಗೆ ಸ್ವರ ಏರುತ್ತಲೇ ಇರುತ್ತದೆ. ಕುಡಿದು ಮಲಗಿದಳು ಎಂದು ನಾವು ಕಾಲು ನೀಡುವಷ್ಟರಲ್ಲಿ ಮತ್ತೆ "ಆಲ್ ಬಾಟ್ಲಿ!" ಹೀಗೆ ಬೆಳಗಿನವರೆಗೆ.

ನಾವು ಕಾಲು ನೀಡುವಷ್ಟರಲ್ಲಿ ಎಂದೆ. ನಿಜ ಹೇಳಬೇಕೆಂದರೆ ಎದ್ದು ಹೋಗುತ್ತಿದ್ದವಳು ನನ್ನ ಹೆಂಡತಿ ಲತಾ. ನಾನು ಮಲಗಿದಲ್ಲಿಂದಲೇ "ಲತಾ, ಮಗು ಕೂಗ್ತೈತೆ" ಎಂದು ಮಾಹಿತಿ ಒದಗಿಸುತ್ತಿದ್ದೆ.

ಲತಾ ನಾಗಮಂಗಲದ ಕಡೆಯವಳು, ನರ್ಸ್ ಓದಿದವಳು. ಮದುವೆಗೆ ಮೊದಲಿನಿಂದಲೂ ಶ್ರೀರಂಗಪಟ್ಟಣದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ಹೆರಿಗೆಗೆಂದು ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಒಂದು ದಿನ ಆಸ್ಪತ್ರೆಯಿಂದ ಫೋನು ಬಂತು. ಮುಂದಿನ ತಿಂಗಳಿನಿಂದ ಬರಬಹುದು, ಆದರೆ ಮೊದಲಿಗೆ ರಾತ್ರಿ ಪಾಳಿಯೇ ಮಾಡಬೇಕು, ಆಗುವುದಿಲ್ಲವೆಂದರೆ ಬೇರೆಯವರು ಕಾಯುತ್ತಿದ್ದಾರೆ ಎಂದರು. ಲತಾ ಫೋನಿಟ್ಟವಳೇ ಪೆಟ್ಟಿಗೆಯ ತಳದಿಂದ ಹಳೆಯ ಯೂನಿಫಾರಂ ತೆಗೆದು, ಇಸ್ತ್ರಿ ಮಾಡಿ, ಗೂಟಕ್ಕೆ ನೇತುಹಾಕಿದಳು. ಆಮೇಲೆ ಅದರ ಎದುರು ಸುಮ್ಮನೆ ನಿಂತುಬಿಟ್ಟಳು.

"ಹೋಗ್ಬೇಕು ಅಂತ ಆಸೆ ಇದೆ ರೀ" ಎಂದಳು. "ಆದ್ರೆ ನಾನಿಲ್ದೆ ರಾತ್ರಿ ಇವಳು ನಿಮ್ಮನ್ನ ಬಿಡ್ತಾಳಾ? ಬಾಟ್ಲಿ ಬಿಟ್ಟು ನಿದ್ದೆ ಮಾಡೋದು ಕಲಿತ್ರೆ ಮಾತ್ರ ನಾನು ಹೋಗೋಕಾಗೋದು. ಇಲ್ದಿದ್ರೆ ಇಲ್ಲ."

"ಹಾಲು ಬಿಡಿಸೋದು ತಾನೆ?" ನಾನು ನಕ್ಕೆ. "ಇಡೀ ಊರಿನ ಹಾಲು ನೋಡ್ಕೊಳೋನು ಒಂದು ಬಾಟ್ಲಿ ನೋಡ್ಕೊಳಲ್ವಾ? ನೀನು ಯೂನಿಫಾರಂ ಸರಿಮಾಡ್ಕೊ. ಮಿಕ್ಕಿದ್ದು ನನ್ನ ಜವಾಬ್ದಾರಿ."

ಲತಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಡಾಕ್ಟರುಗಳು ಹೇಳುವ ಒಂದು ಉಪಾಯವಿದೆ, ಹಾಲಿಗೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತಾ ಹೋಗಬೇಕು, ಕೊನೆಗೆ ಬರೀ ನೀರಾಗುತ್ತದೆ, ಬರೀ ನೀರಿಗಾಗಿ ಮಗು ನಿದ್ದೆಗೆಡುವುದಿಲ್ಲ ಎಂದಳು.

ಹಾಲಿಗೆ ನೀರು! ಅದೂ ನನ್ನ ಮನೆಯಲ್ಲಿ! ನನ್ನ ಕೈಯಾರೆ! ಆದರೆ ಹೆಂಡತಿಯ ನೌಕರಿಯ ಪ್ರಶ್ನೆ. ಅಧಿಕಾರಿಗಳಿಗೂ ಕೆಲವೊಮ್ಮೆ ನಿಯಮ ಸಡಿಲಿಸುವ ಸಂದರ್ಭ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನೀರು ಹಾಕುವುದೇ ಆದರೆ ಕ್ರಮವಾಗಿ ಹಾಕಬೇಕು, ಅಂದಾಜಿನ ಮೇಲೆ ಹಾಕಲು ನಾನೇನು ದಿನಾ ಡೈರಿಗೆ ನೀರುಹಾಲು ತರುವ ಜವರಪ್ಪನೇ? ಡೈರಿಯಲ್ಲಿ ಬಳಸದೆ ಬಿದ್ದಿದ್ದ ಹಳೆಯ ಲ್ಯಾಕ್ಟೋಮೀಟರನ್ನು, ಅದೇ ಹಾಲಿನಲ್ಲಿ ಇಳಿಬಿಟ್ಟು ನೀರು ಕಂಡುಹಿಡಿಯುವ ಗಾಜಿನ ಕೊಳವೆಯನ್ನು, ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ.

ಇದನ್ನು ನೋಡಿದ ನಮ್ಮವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಅದೇನ್ಲಾ ಅದು? ಕೊಟ್ಟಿಗೇಲಿ ಎರಡು ಅಸ ಕಟ್ಕಂಡು ಮಗೀಗೆ ನೀರಾಲು ಕುಡುಸ್ತೀಯಾ? ಊರೋರು ಏನಂದಾರು?"

"ಊರೋರ್ಗೆ ಯಾಕ್ ಗೊತ್ತಾಗ್ತದವ್ವ? ಇದು ನಮ್ಮನೆ ಒಳಗಿನ ವಿಚಾರ" ಎಂದೆ. ಆ ಮಾತು ಹೇಳುವಾಗ ನನಗೆ ಎಂಥ ಧೈರ್ಯ!

ಮೊದಲ ರಾತ್ರಿ ಬಹಳ ಸಣ್ಣ ಪ್ರಮಾಣದಲ್ಲಿ ನೀರು ಸೇರಿಸಿ, ಕೊಳವೆ ಇಳಿಬಿಟ್ಟು ನೋಡಿ, ತೃಪ್ತನಾಗಿ ಬಾಟ್ಲಿ ತುಂಬಿಸಿದೆ. ಚಿನ್ನಿ ಕೂಗಿದಳು, ಕೊಟ್ಟೆ. ಒಂದು ಗುಟುಕು ಕುಡಿದಳು. ಬಾಟ್ಲಿಯನ್ನು ಬಾಯಿಂದ ತೆಗೆದಳು. ಬಲ್ಬಿನ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ದಿನಾ ಸಂಜೆ ಡೈರಿಯಲ್ಲಿ ನನ್ನ ಮೇಜಿನ ಮೇಲೆ ಕೂತು ನೋಡಿ ಕಲಿತಿದ್ದಾಳೆ.

"ಇದು ನೀಲು" ಎಂದಳು. ವಾಪಸ್!

ನನಗೆ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಾಯಿತು. ನಮ್ಮ ಯಂತ್ರ ಕೆಟ್ಟ ದಿನ ಇವಳನ್ನೇ ಕೂರಿಸಬಹುದಲ್ಲ ಎನ್ನಿಸಿತು. ಹೆಮ್ಮೆಪಡುತ್ತಲೇ ಹೋಗಿ ಗಟ್ಟಿ ಹಾಲು ಕಾಯಿಸಿಕೊಂಡು ಬಂದು ಕೊಟ್ಟೆ. ಮರುದಿನ ಇನ್ನೂ ಕಡಿಮೆ ನೀರಿನಿಂದ ಶುರುಮಾಡಿದೆ. ಕುಡಿದಳು. ಅದರ ಮರುದಿನ ಚೂರು ಹೆಚ್ಚಿಸಿದೆ. ಕುಡಿದಳು. ಮತ್ತೂ ಹೆಚ್ಚಿಸಿದೆ. ಅದನ್ನೂ ಗಟಗಟ ಕುಡಿದು, ಬಾಯಿ ಚಪ್ಪರಿಸಿ ಮಲಗಿದಳು.

"ನೋಡಿದ್ಯಾ?" ನಾನು ಲತಾಳಿಗೆ ಮೀಸೆಯ ಮೇಲೆ ಕೈಯಿಟ್ಟುಕೊಂಡು ಹೇಳಿದೆ. "ಅರ್ಧಕ್ಕರ್ಧ ನೀರು ಕುಡೀತಾವ್ಳೆ. ಗೊತ್ತೇ ಆಗ್ತಿಲ್ಲ."

"ಹೌದಾ? ಆದ್ರೆ ಕೂಗೋದು ಕಡಿಮೆ ಆಗಿಲ್ವಲ್ಲ? ಮೊದಲಿಗಿಂತ ಜಾಸ್ತೀನೇ ಎದ್ದೇಳ್ತಾಳೆ" ಎಂದಳು ಲತಾ.

ಅವಳ ಮಾತಿನಲ್ಲಿ ಅರ್ಥವಿತ್ತು. ಆ ರಾತ್ರಿ ಚಿನ್ನಿ ಅರ್ಧ ಕುಡಿದು ಬಿಟ್ಟ ಬಾಟ್ಲಿಯನ್ನು ಎತ್ತಿಕೊಂಡು ಹೋಗಿ ಲೋಟಕ್ಕೆ ಸುರಿದು ಕೊಳವೆ ಇಳಿಬಿಟ್ಟೆ. ಕೊಳವೆ ಮೇಲಕ್ಕೆ ಎದ್ದು ನಿಂತಿತು. ಅಷ್ಟು ಗಟ್ಟಿ ಹಾಲು ನಮ್ಮ ಡೈರಿಗೆ ಯಾರ ಮನೆಯಿಂದಲೂ ಬಂದದ್ದು ನನಗೆ ನೆನಪಿಲ್ಲ. ಬೆರಳಿನಿಂದ ನೆಕ್ಕಿ ನೋಡಿದೆ. ಕಲ್ಲುಸಕ್ಕರೆ! ಏಲಕ್ಕಿ ಬೇರೆ!

ಅವ್ವ ಕಂಬಳಿ ಮುಸುಕೆಳೆದುಕೊಂಡು ಗೊರಕೆ ಹೊಡೆಯುವಂತೆ ನಟಿಸುತ್ತಿದ್ದಳು.

"ಅವ್ವ, ಎದ್ದೇಳು. ಬಾಟ್ಲೀನ ಬದ್ಲಾಯಿಸಿದ್ದು ನೀನೇ ತಾನೆ?"

"ಇನ್ನೇನ್ಲಾ ಮಾಡಾನ?" ಎಂದು ಅವ್ವ ಮುಸುಕಿನೊಳಗಿನಿಂದಲೇ ಹೇಳಿದಳು. "ಮಗ ಬಡವಾಗೋಯ್ತಾವ್ಳೆ. ನೀನು ನೀರಾಕಿ ಇಟ್ಟೋಯ್ತೀಯ, ನಾನು ಅದ್ನ ಅಸೀಗೆ ಉಯ್ದು ಒಳ್ಳೇದು ತುಂಬ್ಸಿ ಇಡ್ತೀನಿ. ನಿನ್ನೂ ಇಂಗೇ ಬೆಳ್ಸಿದ್ದು ಕಣ್ಲಾ."

ನನ್ನನ್ನು ಹೀಗೇ ಬೆಳೆಸಿದ್ದಳು ಎಂಬುದಕ್ಕೆ ನನ್ನ ಹೊಟ್ಟೆಯೇ ಸಾಕ್ಷಿ, ಅದರಲ್ಲಿ ವಾದವಿಲ್ಲ. ಆದರೆ ಯೋಜನೆ ಮಣ್ಣುಪಾಲಾಗಿತ್ತು. ಹಾಗಾಗಿ ಮರುದಿನದಿಂದ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಅವ್ವನ ಕಣ್ಣು ತಪ್ಪಿಸಿ, ಕದ್ದು ನೀರು ಬೆರೆಸತೊಡಗಿದೆ. ಅವ್ವ ನೋಡಲಿಲ್ಲ. ಬಾಗಿಲಿನ ಸಂದಿಯಲ್ಲಿ ಇನ್ನೊಂದು ಜೊತೆ ಕಣ್ಣು ಇದ್ದದ್ದನ್ನು ನಾನು ನೋಡಲಿಲ್ಲ.

ಅದು ಗೊತ್ತಾದದ್ದು ಸಂಜೆಯ ಡೈರಿಯಲ್ಲಿ. ಊರಿನ ಅರ್ಧ ಜನ ಸಾಲಿನಲ್ಲಿದ್ದರು. ಚಿನ್ನಿ ಎಂದಿನಂತೆ ಮೇಜಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಜವರಪ್ಪನ ಸರದಿ ಬಂತು. ಆತನ ಹಾಲು ಎಂದಿನಂತೆಯೇ ಇತ್ತು. ನಾನೂ ಎಂದಿನಂತೆಯೇ ಎದ್ದು ನಿಂತೆ.

"ಜವರಪ್ಪಣ್ಣ, ಎಷ್ಟು ಸಲ ಹೇಳೋದು? ಈ ಹಾಲು ಎಲ್ಲಿಗೋ ಹೋಗ್ತದೆ, ಯಾವುದೋ ಮಗು ಕುಡೀತದೆ. ಮಕ್ಕಳು ಕುಡಿಯೋ ಹಾಲಿಗೆ ನೀರು ಹಾಕೋಕೆ ಮನಸ್ಸಾದ್ರೂ ಹೆಂಗೆ ಬರ್ತದಣ್ಣ?"

ಸಾಲಿನವರೆಲ್ಲ ತಲೆದೂಗಿದರು. ಜವರಪ್ಪ ತಲೆ ತಗ್ಗಿಸಿದ. ಆಗ ಮೇಜಿನ ಮೇಲಿಂದ ಚಿನ್ನಿ ಸಮಾಧಾನವಾಗಿ ಹೇಳಿದಳು:

"ನಮ್ಮಪ್ಪನೂ ಆಕ್ತಾನೆ."

ಜವರಪ್ಪ ತಲೆಯೆತ್ತಿದ. "ಏನ್ ಆಕ್ತಾನವ್ವ?"

"ಆಲಿಗೆ ನೀಲು. ದಿನಾ ಆಕ್ತಾನೆ. ಬಾಗ್ಲು ಮುಚ್ಕಂಡು."

ಹಾಲು ಸುರಿಯುವ ಸದ್ದು, ಮಾತು, ಕೆಮ್ಮು ಎಲ್ಲ ನಿಂತುಹೋಯಿತು. ಆ ಮೌನದಲ್ಲಿ ನಾನು ಬಾಯಿಮುಚ್ಚಿಕೊಂಡು ಇದ್ದಿದ್ದರೆ ಮಗುವಿನ ಮಾತು ಎಂದು ಜನ ಮರೆಯುತ್ತಿದ್ದರೋ ಏನೋ. ನಾನು ಸುಮ್ಮನಿರಲಿಲ್ಲ.

"ಅದು ಡೈರಿ ಹಾಲಿಗಲ್ಲ!" ಎಂದು ಕಿರುಚಿದೆ. "ಮನೆ ಹಾಲಿಗೆ!"

"ಅಂಗಾರೆ ಆಕದಂತೂ ದಿಟ" ಎಂದ ಜವರಪ್ಪ, ಸಾಲಿನ ಕಡೆ ತಿರುಗಿ. ಎಷ್ಟು ವರ್ಷಗಳಿಂದ ಈ ಗಳಿಗೆಗಾಗಿ ಕಾದಿದ್ದನೋ! "ಮನೆ ಆಲ್ಗೇ ಆಕೋನು ಊರಾಲು ಬುಟ್ಟಾನೇನ್ರಪ್ಪ?"

ಹಿಂದಿನಿಂದ ಒಬ್ಬರು "ಕ್ಯಾನ್ ತಗುದು ನೋಡ್ರಲಾ" ಎಂದರು. ಇನ್ನೊಬ್ಬರು "ಬಾಗ್ಲು ಮುಚ್ಕಂಡು ಅಂತೆ ಕಣೋ!" ಎಂದು ಬೆರಗಾದರು. ನಾನು ಯೋಜನೆಯ ಉದ್ದೇಶ, ಸ್ವರೂಪ, ಡಾಕ್ಟರುಗಳ ಅಭಿಪ್ರಾಯ ಎಲ್ಲವನ್ನೂ ವಿವರಿಸಲು ಹೊರಟೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಶಟರು ಎಳೆಯುವ ಹೊತ್ತಿಗೆ ಸುದ್ದಿ ಟೀ ಅಂಗಡಿ ಮುಟ್ಟಿತ್ತು. ರಾತ್ರಿಯ ಕೊನೆಯ ಬಸ್ಸಿನಲ್ಲಿ ಅದು ಕೆ.ಆರ್. ಪೇಟೆ ಕಡೆಗೂ ಹೋಗಿರಬೇಕು, ಏಕೆಂದರೆ ಅಲ್ಲಿರುವ ನನ್ನ ಅಕ್ಕ ಫೋನು ಮಾಡಿ, "ಏನ್ಲಾ, ಕೆಲ್ಸ ಓಯ್ತಂತೆ?" ಎಂದು ಕೇಳಿದಳು.

ಕೆಲಸವೇನೂ ಹೋಗಿರಲಿಲ್ಲ. ಆದರೆ ಬೆಳಿಗ್ಗೆ ಶಟರು ತೆಗೆಯುವಾಗಲೇ ಹಾಲು ಒಕ್ಕೂಟದ ಸೂಪರ್‌ವೈಸರ್ ಸಾಹೇಬರ ಬೈಕು ಬಾಗಿಲಲ್ಲಿತ್ತು. ಯಾರೋ ಫೋನು ಮಾಡಿದ್ದರು. ಯಾರು ಎಂದು ನಾನು ಹೇಳುವುದಿಲ್ಲ, ಜವರಪ್ಪ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಹೊಸ ಟವೆಲ್ಲು ಹೊದ್ದು ನಿಂತಿದ್ದ. ಸಾಹೇಬರು ಒಂದೊಂದೇ ಕ್ಯಾನು ತೆಗೆಸಿ, ಎಲ್ಲರೆದುರು ಪರೀಕ್ಷೆ ಮಾಡಿದರು. ಹಾಲು ಚೆನ್ನಾಗಿತ್ತು. ನಾನು ಉಸಿರು ಬಿಟ್ಟು ಎದೆ ಸೆಟೆಸಿದೆ. ಅಷ್ಟರಲ್ಲಿ ಸಾಹೇಬರು ಸಾಮಾನುಗಳನ್ನು ಪರಿಶೀಲಿಸುತ್ತಾ ಕೇಳಿದರು:

"ಇನ್ನೊಂದು ಲ್ಯಾಕ್ಟೋಮೀಟರ್ ಎಲ್ರೀ?"

ಎದೆ ಮತ್ತೆ ಒಳಗೆ ಹೋಯಿತು. "ಮನೇಲಿದೆ ಸಾರ್."

"ಮನೇಲಿ ಅದಕ್ಕೇನ್ರೀ ಕೆಲಸ?"

ಅಲ್ಲಿ, ಊರಿನ ಸಮಸ್ತ ಹಾಲು ಉತ್ಪಾದಕರ ಸಮ್ಮುಖದಲ್ಲಿ, ನನ್ನ ಮಗಳು ರಾತ್ರಿ ಎಷ್ಟು ಸಲ ಎದ್ದೇಳುತ್ತಾಳೆ, ನನ್ನ ಹೆಂಡತಿ ಯಾಕೆ ಕೆಲಸಕ್ಕೆ ಹೋಗಬೇಕು, ನಮ್ಮವ್ವ ಏಲಕ್ಕಿಯನ್ನು ಎಲ್ಲಿಟ್ಟುಕೊಂಡಿದ್ದಾಳೆ ಎಂಬುದನ್ನೆಲ್ಲ ನಾನು ಹೇಳಬೇಕಾಯಿತು. ಸಾಹೇಬರು ಕೆಮ್ಮುತ್ತಾ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಹೋಗುವಾಗ ಅವರ ಭುಜ ಕುಣಿಯುತ್ತಿತ್ತು. ಕೊಳವೆಯನ್ನು ಅಂದೇ ವಾಪಸ್ ತಂದಿಡಬೇಕೆಂದು ತಾಕೀತಾಯಿತು.

ಊರಿನವರಿಗೆ ಮಾತ್ರ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಅಷ್ಟು ದಿನ ನನ್ನ ಬಾಯಿಂದ ಬುದ್ಧಿಮಾತು ಕೇಳಿದ್ದವರು ಈಗ ಒಬ್ಬೊಬ್ಬರಾಗಿ ನನಗೆ ಹೇಳತೊಡಗಿದರು. ದಿನಾ ಮೊದಲು ಹಾಲು ತರುವ ಸಾಕಮ್ಮಕ್ಕ ನನ್ನ ಕೈ ಹಿಡಿದು, "ಬೇವಿನ್ ಸೊಪ್ ಅರುದು ಬಾಟ್ಲಿ ತುದೀಗೆ ಸವುರು ಕನಪ್ಪ. ನನ್ನೈಕ್ಳೆಲ್ಲ ಅಂಗೇ ಬುಟ್ಟಿದ್ದು" ಎಂದಳು.

ಸವರಿದೆ. ಚಿನ್ನಿ ಬಾಯಿಗಿಟ್ಟುಕೊಂಡಳು, ಮುಖ ಕಿವುಚಿದಳು, ಥೂ ಎಂದು ಉಗಿದಳು. ಗೆದ್ದೆ ಎಂದುಕೊಂಡೆ. ಅವಳು ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟು, "ತೊಳ್ಕಂಡ್ ಬಾ" ಎಂದಳು.

ತೊಳೆದುಕೊಂಡು ಬಂದೆ! ಏನು ಮಾಡಲಿ, ಅಷ್ಟು ಅಧಿಕಾರದಿಂದ ಹೇಳಿದರೆ ಯಾರಾದರೂ ತೊಳೆಯುತ್ತಾರೆ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಆ ಬೇವು ಅರೆದಿಟ್ಟಿದ್ದ ಲೋಟವನ್ನು ಯಾರೂ ಸರಿಯಾಗಿ ತೊಳೆದಿರಲಿಲ್ಲವೆಂದು ಗೊತ್ತಾಯಿತು.

ತಿಂಗಳು ಮುಗಿಯುತ್ತಾ ಬಂತು. ಲತಾ ಏನೂ ಕೇಳುತ್ತಿರಲಿಲ್ಲ. ಗೂಟದ ಮೇಲಿನ ಯೂನಿಫಾರಂನ ಧೂಳು ಮಾತ್ರ ದಿನಾ ಕೊಡವುತ್ತಿದ್ದಳು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಹಾಗಿರುವಾಗ ನಮ್ಮ ಹಸುಗಳಲ್ಲಿ ಒಂದು ಕರು ಹಾಕಿತು, ನನಗೆ ಹೊಸ ಆಲೋಚನೆ ಹುಟ್ಟಿತು. ಚಿನ್ನಿಯನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದೆ.

"ನೋಡು ಮಗ, ಕರು ಎಷ್ಟು ಚಿಕ್ಕದು. ಪಾಪ, ಅದಕ್ಕೆ ಬಾಟ್ಲೀನೇ ಇಲ್ಲ. ನೀನು ದೊಡ್ಡೋಳಾದೆ. ನಿನ್ನ ಬಾಟ್ಲಿ ಅದಕ್ಕೆ ಕೊಟ್ಬುಡನಾ?"

ಅವಳು ಯೋಚಿಸಿದಳು. ಕರುವನ್ನು ನೋಡಿದಳು. "ಕೊಡನ" ಎಂದಳು. ತಾನೇ ಕೈಯಾರೆ ಬಾಟ್ಲಿಯನ್ನು ಕರುವಿನ ಮುಂದಿಟ್ಟು, ಅದರ ಹಣೆ ನೇವರಿಸಿ, "ಕುಡಿ ಕಂದ" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮವ್ವನ ಕಣ್ಣಲ್ಲೂ ಬಂತು. ಲತಾ ಕೂಡ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಎಂಥ ಮಗು!

ರಾತ್ರಿ ಆ 'ಎಂಥ ಮಗು' ಎದ್ದು ಕೂತಿತು. ಬಾಟ್ಲಿ ಕೇಳಲಿಲ್ಲ. ಮಾತಿಗೆ ತಪ್ಪುವವಳಲ್ಲ.

"ಕಲೂನ್ ತಾವ ಓಗನ" ಎಂದಳು. "ಅದು ಕುಡ್ದಾದ್ಮೇಲೆ ನಂಗೆ ಕೊಡ್ತದೆ."

ಅವಳನ್ನು ಸುಮ್ಮನಾಗಿಸಲು ನೋಡಿದೆ. ಆಗಲಿಲ್ಲ. ಅಳು ಅಕ್ಕಪಕ್ಕದ ಮನೆಯ ದೀಪಗಳನ್ನು ಹೊತ್ತಿಸುವ ಮಟ್ಟಕ್ಕೆ ಹೋದಾಗ ಅವಳನ್ನು ಸೊಂಟದ ಮೇಲಿಟ್ಟುಕೊಂಡು ಕೊಟ್ಟಿಗೆಗೆ ಹೋದೆ. ಅವಳನ್ನು ಹುಲ್ಲಿನ ಮೇಲೆ ಕೂರಿಸಿ, ಬಾಟ್ಲಿ ಹುಡುಕಲು ಕರುವಿನ ಪಕ್ಕಕ್ಕೆ ಕೈ ಹಾಕಿದೆ. ತನ್ನ ಹಸುಗೂಸಿಗೆ ಯಾರೋ ಕೈ ಹಾಕುತ್ತಿದ್ದಾರೆಂದು ಹಸು ತಿಳಿದುಕೊಂಡಿತು. ತಪ್ಪಾಗಿಯೇನೂ ತಿಳಿಯಲಿಲ್ಲ. ಒಂದೇ ಒದೆತ. ನಾನು ಸಗಣಿಯ ಮೇಲೆ ಕೂತೆ.

ಲತಾ ಟಾರ್ಚು ಹಿಡಿದುಕೊಂಡು ಬಂದಾಗ ಕಂಡದ್ದಿಷ್ಟು: ಮಗಳು ಹುಲ್ಲಿನ ಮೇಲೆ ಆರಾಮವಾಗಿ ಕೂತು ಕಾಯುತ್ತಿದ್ದಾಳೆ, ಗಂಡ ಸಗಣಿಯಲ್ಲಿ ಕೂತು ಹಸುವಿಗೆ ಕೈಮುಗಿಯುತ್ತಿದ್ದಾನೆ, ಕರು ಬಾಟ್ಲಿಯ ರಬ್ಬರನ್ನು ಅಗಿದು ಮುಗಿಸಿದೆ. ಬಾಟ್ಲಿಯ ಉಳಿದ ಭಾಗದ ಮೇಲೆ ಹಸು ಕಾಲಿಟ್ಟಿತ್ತು.

"ಒಳ್ಳೇದಾಯ್ತು ಬಿಡಿ" ಎಂದಳು ಲತಾ, ನಗು ತಡೆದುಕೊಳ್ಳುತ್ತಾ. "ಬಾಟ್ಲಿ ಹೋಯ್ತಲ್ಲ. ಇನ್ನು ಹೊಸದು ತರೋದು ಬೇಡ. ಹೆಂಗೋ ಮಾಡೋಣ."

ಇಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ರಾತ್ರಿಯೆಲ್ಲ ಚಿನ್ನಿ ಬಿಕ್ಕಿದ್ದು ನನ್ನ ಕಿವಿಯಲ್ಲೇ ಇತ್ತು. ಬೆಳಿಗ್ಗೆ ಡೈರಿ ಕೆಲಸ ಮುಗಿಸಿ ಪಾಂಡವಪುರಕ್ಕೆ ಹೋಗಿ, ಅದೇ ಬಣ್ಣದ, ಅದೇ ಥರದ ಬಾಟ್ಲಿ ಹುಡುಕಿ ತಂದು, ಬೈಕಿನ ಪೆಟ್ಟಿಗೆಯಲ್ಲಿ ಚಿಂದಿ ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಬಳಸಲು ಅಲ್ಲ! ಇರಲಿ, ತುರ್ತು ಪರಿಸ್ಥಿತಿಗೆ. ಸಂಜೆ ಲತಾ ಬೈಕಿನಿಂದ ತರಕಾರಿ ಚೀಲ ತೆಗೆಯಲು ಹೋದಳು. ಚಿಂದಿ ಬಟ್ಟೆಯನ್ನೂ ತೆಗೆದಳು.

ಒಳಗೆ ಬಂದು ಬಾಟ್ಲಿಯನ್ನು ನನ್ನ ಮುಂದೆ ಇಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ" ಎಂದಳು. "ನಾನು ಕೆಲಸಕ್ಕೆ ಹೋಗೋದು ನಿಮಗೆ ಇಷ್ಟ ಇಲ್ವಾ? ಇಲ್ಲ ಅಂದ್ರೆ ನೇರವಾಗಿ ಹೇಳ್ಬಿಡಿ. ಆ ಬಟ್ಟೆ ಮಡಚಿ ಒಳಗಿಡ್ತೀನಿ."

ಎರಡೂವರೆ ವರ್ಷ ಒಂದು ರಾತ್ರಿಯೂ ಪೂರ್ತಿ ಮಲಗದ ಹೆಂಗಸು ನನ್ನೆದುರು ನಿಂತು ಅಳುತ್ತಿದ್ದಳು. ಊರಿನ ಮುಂದೆ ಮಾನ ಹೋದಾಗ ಕೂಡ ನನಗೆ ಅಷ್ಟು ಕಷ್ಟವಾಗಿರಲಿಲ್ಲ.

"ಇಷ್ಟ ಇಲ್ದೆ ಏನು ಲತಾ. ನನಗೆ ಅವಳು ಅಳೋದು ಕೇಳೋಕಾಗಲ್ಲ. ಅಷ್ಟೇ."

"ನಂಗೆ ಆಗ್ತದಾ?" ಎಂದಳು. "ಹಾಲು ಕೊಟ್ಟು ಅಳು ನಿಲ್ಸೋದು ಸುಲಭ ರೀ. ಅದನ್ನೇ ತಾನೆ ಇಷ್ಟು ದಿನ ಮಾಡಿದ್ದು. ಸ್ವಲ್ಪ ದಿನ ನೀವು ಕೈ ಕಟ್ಕೊಂಡು ಕೂತಿರಿ. ಮಿಕ್ಕಿದ್ದು ನಾನು ಮಾಡ್ತೀನಿ."

ಅಂದಿನಿಂದ ನನ್ನನ್ನು ಯೋಜನೆಯಿಂದ ವಜಾ ಮಾಡಲಾಯಿತು. ಅವ್ವನನ್ನೂ. ಲತಾ ಮಾಡಿದ್ದರಲ್ಲಿ ಉಪಾಯವೇನೂ ಇರಲಿಲ್ಲ. ಊಟದ ಜೊತೆಯಲ್ಲೇ ಲೋಟದಲ್ಲಿ ಹೊಟ್ಟೆ ತುಂಬಾ ಹಾಲು ಕೊಟ್ಟಳು. ಹಲ್ಲುಜ್ಜಿಸಿದಳು. ಪಕ್ಕದಲ್ಲಿ ಮಲಗಿಸಿಕೊಂಡು, ಈಗ ಡೈರಿಗೆ ಬಾಗಿಲು ಹಾಕಿದೆ, ಇನ್ನು ಬೆಳಿಗ್ಗೆಯೇ ತೆಗೆಯುವುದು ಎಂದಳು. ಚಿನ್ನಿಗೆ ಅದು ಚೆನ್ನಾಗಿ ಗೊತ್ತಿರುವ ಕಾನೂನು. ಶಟರು ಎಳೆದ ಮೇಲೆ ಎಂಥ ಹಿರಿಯರು ಓಡೋಡಿ ಬಂದು ಬೇಡಿಕೊಂಡರೂ ಅಪ್ಪ ತೆಗೆಯುವುದಿಲ್ಲ, ಅವರು ಗೊಣಗುತ್ತಾ ಮನೆಗೆ ಹೋಗುತ್ತಾರೆ, ಬೆಳಿಗ್ಗೆ ಮತ್ತೆ ಬರುತ್ತಾರೆ. ಅವಳು ದಿನಾ ನೋಡಿದ್ದಾಳೆ. ಅವಳೂ ಗೊಣಗಿದಳು. ಗೊಣಗಿದ್ದೇನು, ಕೂಗಿ ಮನೆ ಮೇಲೆತ್ತಿದಳು. ಲತಾ ನೀರು ಕುಡಿಸಿ, ಬೆನ್ನು ತಟ್ಟುತ್ತಾ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾ ಕೂತಳು.

ನಾನು ಜಗಲಿಯ ಮೇಲೆ ಕೂತು ಕೇಳುತ್ತಿದ್ದೆ. ಎದ್ದು ಒಳಗೆ ಹೊರಟಾಗಲೆಲ್ಲ ಅವ್ವ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದಳು. "ಕೂತ್ಕಳ್ಲಾ ಸುಮ್ನೆ." ಆಮೇಲೆ ಅವ್ವ ಎದ್ದು ಹೊರಡುತ್ತಿದ್ದಳು, ನಾನು ಅವಳ ಸೆರಗು ಹಿಡಿದು ಎಳೆಯುತ್ತಿದ್ದೆ. ಹೀಗೆ ಒಬ್ಬರನ್ನೊಬ್ಬರು ಕಾವಲು ಕಾದೆವು. ಕೆಲವು ದಿನಗಳಲ್ಲಿ ಅಳು ಗೊಣಗಾಟವಾಯಿತು, ಗೊಣಗಾಟ ಮಗ್ಗುಲು ಬದಲಿಸುವುದಾಯಿತು, ಒಂದು ದಿನ ಚಿನ್ನಿ ಮಲಗಿದವಳು ಬೆಳಿಗ್ಗೆ ಹಸು ಕೂಗುವವರೆಗೂ ಏಳಲಿಲ್ಲ. ಲತಾ ಎದ್ದಾಗ ಮುಖದ ಮೇಲೆ ಚಾಪೆಯ ಗುರುತಿತ್ತು. ಅವಳನ್ನು ಹಾಗೆ ನೋಡಿ ಎಷ್ಟು ದಿನವಾಗಿತ್ತೋ. ನನಗೆ ಖುಷಿಯಾಯಿತು, ಅಷ್ಟೇ ನಾಚಿಕೆಯೂ ಆಯಿತು.

ಹೊಸ ತಿಂಗಳು ಬಂತು. ಲತಾ ಯೂನಿಫಾರಂ ಹಾಕಿಕೊಂಡು, ಊಟದ ಡಬ್ಬಿ ಹಿಡಿದು, ಸಂಜೆಯ ಬಸ್ಸು ಹತ್ತಿದಳು. ಚಿನ್ನಿ ಟಾಟಾ ಮಾಡಿ, ಮುದ್ದೆ ತಿಂದು, ಲೋಟದ ಹಾಲು ಕುಡಿದು, ಅಜ್ಜಿಯ ಕಥೆ ಮುಗಿಯುವ ಮೊದಲೇ ನಿದ್ದೆ ಹೋದಳು. ನಾನು ಪಕ್ಕದಲ್ಲಿ ಮಲಗಿ ಕಾಯತೊಡಗಿದೆ.

ಮೊದಲ ಸಲ ಏಳುತ್ತಿದ್ದ ಹೊತ್ತು ಕಳೆಯಿತು. ಏಳಲಿಲ್ಲ. ಎರಡನೆಯದೂ ಕಳೆಯಿತು. ಸದ್ದಿಲ್ಲ. ಎಷ್ಟು ಸದ್ದಿಲ್ಲವೆಂದರೆ ನನಗೆ ಸಣ್ಣಗೆ ಭಯವಾಯಿತು. ಉಸಿರಾಡುತ್ತಿದ್ದಾಳೆಯೇ? ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಆಡುತ್ತಿದ್ದಳು. ಜ್ವರವೇನಾದರೂ? ಹಣೆ ಮುಟ್ಟಿದೆ. ಇಲ್ಲ. ಆದರೂ ಒಂದು ಸಲವೂ ನನ್ನನ್ನು ಕರೆಯುವುದಿಲ್ಲವೆಂದರೆ ಹೇಗೆ? ಅವಳಿಗೆ ರಾತ್ರಿ ಏನೂ ಬೇಕಾಗಿಲ್ಲ, ನಾನೂ ಬೇಕಾಗಿಲ್ಲ ಎಂದು ಹೊಳೆದಾಗ ಎದೆಯೊಳಗೆ ಏನೋ ಖಾಲಿಯಾದಂತಾಯಿತು. ಇಷ್ಟೆಲ್ಲ ಒದ್ದಾಡಿದ್ದು ಇದಕ್ಕಾಗಿಯೇ ಎಂಬುದು ಮರೆತೇಹೋಯಿತು. ಮೆಲ್ಲಗೆ ಅವಳ ಭುಜ ಅಲುಗಾಡಿಸಿದೆ.

"ಚಿನ್ನಿ... ಮಗ... ಏನಾದ್ರೂ ಬೇಕಾ?"

ಅವಳು ಕಣ್ಣು ಬಿಟ್ಟಳು. ಎದ್ದು ಕೂತಳು. ಕತ್ತಲಲ್ಲಿ ನನ್ನನ್ನು ಬಹಳ ಹೊತ್ತು ನೋಡಿದಳು.

"ಏನಪ್ಪ ನಿಂದು?" ಎಂದು ಹೇಳಿ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಬೆಳಿಗ್ಗೆ ಲತಾ ಬಸ್ಸಿಳಿದು ಓಡುತ್ತಲೇ ಬಂದಳು. ಕಣ್ಣು ಕೆಂಪಾಗಿತ್ತು, ರಾತ್ರಿಯೆಲ್ಲ ಯೋಚನೆ ಮಾಡಿದ್ದಳೆಂದು ನೋಡಿದರೇ ಗೊತ್ತಾಗುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಎದ್ದಿದ್ಲಾ?"

ನಾನು ಹಾಲಿನ ಕ್ಯಾನಿನ ಮುಚ್ಚಳವನ್ನು ಗಮನವಿಟ್ಟು ಒರೆಸುತ್ತಿದ್ದೆ.

"ಮಗ ಏನೂ ಎದ್ದಿಲ್ಲ ಕಣವ್ವ" ಎಂದಳು ಅವ್ವ. "ಇವ್ನೇ ಎದ್ದು ಕುಂತಿದ್ದ. ಸಾಲ್ದೂಂತ ಮಲಗಿದ್ ಮಗೀನೂ ಎಬ್ಬುಸ್ದ."

ಲತಾ ಬಾಗಿಲಲ್ಲೇ ಕೂತು ನಕ್ಕಳು. ನಕ್ಕು ನಕ್ಕು, ಸ್ವಲ್ಪ ಅತ್ತಳು ಕೂಡ. ಆಮೇಲೆ ಒಳಗೆ ಹೋಗಿ ಮಧ್ಯಾಹ್ನದವರೆಗೂ ಮಲಗಿದಳು.

ಸಂಜೆ ಮತ್ತೆ ಬಸ್ಸಿಗೆ ಹೊರಟಾಗ ನಾನು ಸೂಚನೆಗಳಿಗಾಗಿ ಕಾದು ನಿಂತೆ. ಅವಳು ನನ್ನನ್ನು ದಾಟಿ ಹೋಗಿ ಚಿನ್ನಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಚಿನ್ನಿ, ರಾತ್ರಿ ಅಪ್ಪ ಎದ್ರೆ ಹೆದರ್ಕೋಬೇಡ. ಬೆನ್ನು ತಟ್ಟಿ ಮಲಗಿಸ್ಬಿಡು, ಆಯ್ತಾ?"

ಚಿನ್ನಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬಹಳ ಜವಾಬ್ದಾರಿಯಿಂದ, ಆಗಲಿ ಎಂದು ತಲೆಯಾಡಿಸಿದಳು.